ಎಂಜಿನ್‌ಎಕ್ಸ್‌ನ ಋಣಸಂಖ್ಯೆ

ಮಾಕವಳ್ಳಿಯ ಸಕ್ಕರೆ ಕಾರ್ಖಾನೆಗೆ ಕಬ್ಬು ಹೇಗೆ ಬರುತ್ತದೆಂದು ಕೆ.ಆರ್. ಪೇಟೆ ಕಡೆಯವರಿಗೆ ಹೇಳಬೇಕಿಲ್ಲ. ಹಂಗಾಮಿನ ಒಟ್ಟು ಟನ್ನು ಮೊದಲೇ ಯಾರಿಗೂ ಗೊತ್ತಿರುವುದಿಲ್ಲ; ಲೋಡಿಗೊಂದು ತೂಕದ ಚೀಟಿ. ಪುಟದ ಒಟ್ಟು ಅಳತೆ ಗೊತ್ತಿಲ್ಲದಾಗ ವೆಬ್ ಸರ್ವರ್ ಮಾಡುವುದೂ ಇದನ್ನೇ. 1997ರ ಎಚ್‌ಟಿಟಿಪಿ 1.1 ತಂದ ಈ ಪದ್ಧತಿಯ ಹೆಸರು ‘ಚಂಕ್ಡ್’. ಪ್ರತಿ ಕಂತಿನ ಮುಂದೆ ಅದರ ಬೈಟ್‌ಗಳ ಲೆಕ್ಕ, ಅದೂ ಹದಿನಾರರ ಮಾನದಲ್ಲಿ: 1ಎ ಎಂದರೆ 26. ಸೊನ್ನೆ ಬಂದರೆ ಮುಗಿಯಿತು.

ಚೀಟಿಯೇ ಸುಳ್ಳಾದರೆ? ಐಸೈಟ್ ಪಾರ್ಟ್‌ನರ್ಸ್ ಎಂಬ ಭದ್ರತಾ ಸಂಸ್ಥೆಯ ಗ್ರೆಗ್ ಮ್ಯಾಕ್‌ಮಾನಸ್ 2013ರಲ್ಲಿ ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ತಂತ್ರಾಂಶದಲ್ಲಿ ಹಿಡಿದದ್ದು ಇದನ್ನು. ತಂತ್ರಾಂಶ ಒಂದೊಂದೇ ಅಂಕಿ ಓದಿ, ಹಿಂದಿನ ಮೊತ್ತವನ್ನು 16ರಿಂದ ಗುಣಿಸಿ ಕೂಡುತ್ತ ಹೋಗುತ್ತಿತ್ತು. ಎಲ್ಲಿ ನಿಲ್ಲಬೇಕೆಂಬ ತಪಾಸಣೆ ಇರಲಿಲ್ಲ. ಸಾಲಾಗಿ ಹದಿನಾರು ‘ಎಫ್’ ಬಂದರೆ 64 ಬಿಟ್ ಲೆಕ್ಕ ಉಕ್ಕಿ, ಅಳತೆ ಮೈನಸ್ ಒಂದಾಗುತ್ತದೆ! ಮುಂದೆ ‘ಇದು 4096ಕ್ಕಿಂತ ಕಡಿಮೆ ತಾನೇ’ ಎಂದು ನೋಡುವ ಸಾಲು ಋಣಸಂಖ್ಯೆಯನ್ನು ಸಲೀಸಾಗಿ ಒಳಗೆ ಬಿಡುತ್ತಿತ್ತು. ಮೇ 7ರಂದು 1.4.1 ಆವೃತ್ತಿ ಬಂತು. ತಿದ್ದುಪಡಿಯ ತಿರುಳು ಇಷ್ಟೇ: ಅಳತೆ ಸೊನ್ನೆಗಿಂತ ಕಡಿಮೆಯಾದರೆ ತಿರಸ್ಕರಿಸು.

ನನ್ನ ಮಟ್ಟಿಗೆ ಸ್ವಾರಸ್ಯ ಇರುವುದು ಇದರ ನಂತರ. ಮ್ಯಾಕ್‌ಮಾನಸ್ ಕಂಡ ದೋಷ ಗ್ರಾಹಕರು ಕಳಿಸುವ ಕೋರಿಕೆಯ ಕಡೆಯದು. ಅಲ್ಲಿ ಚಂಕ್ಡ್ ಓದುವ ಸೌಲಭ್ಯ ಬಂದದ್ದೇ 2012ರ ನವೆಂಬರಿನಲ್ಲಿ, 1.3.9ರಲ್ಲಿ. ಆದರೆ ದೋಷದ ವಯಸ್ಸು ಅದಕ್ಕಿಂತ ಹೆಚ್ಚು. ಎಂಜಿನ್‌ಎಕ್ಸ್ ಪ್ರಾಕ್ಸಿಯಾಗಿ (ಮಧ್ಯವರ್ತಿಯಾಗಿ) ನಿಂತಾಗ ಹಿಂದಿನ ಸರ್ವರ್ ಕೊಡುವ ಉತ್ತರದ ಕಡೆ ಅದು 2011ರ 1.1.4ರಿಂದಲೇ ಇತ್ತು. ನಂಬಿಕೆಗೆ ಅರ್ಹವಲ್ಲದ ಸರ್ವರೊಂದು ಬೇಕೆಂದೇ ಕೆಟ್ಟ ಅಳತೆ ಕಳಿಸಿದರೆ ಪ್ರಾಕ್ಸಿ ಕುಸಿಯಬಹುದು, ಇಲ್ಲವೇ ತನ್ನ ಮೆಮೊರಿಯಲ್ಲಿದ್ದುದನ್ನು ಹೊರಗೆ ಚೆಲ್ಲಬಹುದು.

1.4.1ರ ತಿದ್ದುಪಡಿ ಎರಡೂ ಕಡೆಗೆ ಸಾಕಾಗಿತ್ತು. ಹಳೆಯ 1.2 ಸರಣಿಯವರು ಮಾತ್ರ ‘ನಮ್ಮಲ್ಲಿ ಆ ಸೌಲಭ್ಯವೇ ಇಲ್ಲ’ ಎಂದು ನಿಶ್ಚಿಂತರಾಗಿ ಕೂರಬಹುದಿತ್ತು. ಅವರಿಗಾಗಿ ಮೇ 13ರಂದು ಎರಡನೆಯ ಎಚ್ಚರಿಕೆ, ಜತೆಗೆ 1.2.9 ಹೊರಬಂತು. ದೂರು ಬಂದ ಜಾಗವನ್ನಷ್ಟೇ ತೇಪೆ ಹಾಕಿ ಎದ್ದುಹೋಗದೆ, ಅದೇ ಲೆಕ್ಕ ಇನ್ನೆಲ್ಲಿ ನಡೆಯುತ್ತಿದೆ ಎಂದು ಹುಡುಕಿದ್ದೇ ಇಲ್ಲಿಯ ನಿಜವಾದ ಪತ್ತೆದಾರಿ ಕೆಲಸ. ಹಳೆಯ ಯಂತ್ರದಲ್ಲಿ ಇಂದಿಗೂ 1.2.8 ಓಡಿಸುತ್ತಿರುವವರಿದ್ದರೆ ದಯವಿಟ್ಟು ಬದಲಿಸಿ.