ಬಾಯಲ್ಲಿ ಇಪ್ಪತ್ತು, ಕೈಯಲ್ಲಿ ಮೂರು: ಅಂಗನವಾಡಿ ಕಾರ್ಯಕರ್ತೆಯರಿಗೆ ಆನ್‌ಲೈನ್ ಪಾಠ ಮಾಡಿದ ಅನುಭವ

ಬೋಧನಾಭ್ಯಾಸದ ಜೊತೆಗಿನ ಸಮುದಾಯ ಕಾರ್ಯಕ್ಕಾಗಿ ನನಗೆ ಸಿಕ್ಕಿದ್ದು ಶಾಲೆಯಲ್ಲ, ಒಂದು ವಾಟ್ಸ್‌ಆ್ಯಪ್ ಗುಂಪು. ಅಂಗನವಾಡಿ ಕಾರ್ಯಕರ್ತೆಯರಿಗಾಗಿ ಸಂಸ್ಥೆಯೊಂದು ನಡೆಸುತ್ತಿದ್ದ ಆರಂಭಿಕ ಬಾಲ್ಯ ಶಿಕ್ಷಣದ ಆನ್‌ಲೈನ್ ಕೋರ್ಸಿನಲ್ಲಿ ಸಂಖ್ಯೆಯ ಘಟಕವನ್ನು ನಾನು ತೆಗೆದುಕೊಳ್ಳಬೇಕಿತ್ತು. ಬಿ.ಎಸ್ಸಿ. ಓದಿದವನು, ಗಣಿತ ಬರುತ್ತದೆ ಎಂಬುದಷ್ಟೇ ನನ್ನ ಅರ್ಹತೆ. ಕಲಿಯುವವರು 28 ಮಂದಿ. ಕೆಲವರು ನಾನು ಅಂಗನವಾಡಿಯಲ್ಲಿ ಉಪ್ಪಿಟ್ಟು ತಿನ್ನುತ್ತಿದ್ದ ಕಾಲದಲ್ಲೇ ಆ ಕೆಲಸದಲ್ಲಿದ್ದವರು.

ಇಂಥ ಕೋರ್ಸುಗಳ ಹಿನ್ನೆಲೆಯನ್ನು ಚಿಕ್ಕದಾಗಿ ಹೇಳುತ್ತೇನೆ. 1975ರಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗಿನಿಂದ ಶಾಲಾಪೂರ್ವ ಶಿಕ್ಷಣವೂ ಅಂಗನವಾಡಿಯ ಸೇವೆಗಳಲ್ಲಿ ಒಂದು. ಆದರೆ ಆಹಾರ, ತೂಕ, ಲಸಿಕೆ, ದಾಖಲೆಗಳ ನಡುವೆ ಅದು ಹಿಂದೆ ಬೀಳುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಪಿಯುಸಿ ಅಥವಾ ಅದಕ್ಕಿಂತ ಹೆಚ್ಚು ಓದಿದ ಕಾರ್ಯಕರ್ತೆಯರಿಗೆ 6 ತಿಂಗಳ ಸರ್ಟಿಫಿಕೇಟ್ ಕೋರ್ಸ್, ಕಡಿಮೆ ಓದಿದವರಿಗೆ 1 ವರ್ಷದ ಡಿಪ್ಲೊಮಾ ಸೂಚಿಸಿತು. ಡಿಟಿಎಚ್ ವಾಹಿನಿ, ಸ್ಮಾರ್ಟ್‌ಫೋನುಗಳ ಮೂಲಕ ಇವನ್ನು ನಡೆಸಬಹುದು ಎಂದಿತು. ತಿಂಗಳಿಗೊಮ್ಮೆಯಾದರೂ ಸಂಪರ್ಕ ತರಗತಿ ಇರಬೇಕೆಂಬ ಮಾತೂ ಅಲ್ಲೇ ಇದೆ. ಮೊದಲ ಓದಿನಲ್ಲಿ ನಾನು ಅದನ್ನು ದಾಟಿಕೊಂಡು ಹೋಗಿದ್ದೆ.

ಸರ್ಕಾರಿ ಶಾಲೆಯಲ್ಲೇ ಎಲ್‌ಕೆಜಿ ತೆರೆದರೆ ನಮ್ಮ ಮಕ್ಕಳು ಅಲ್ಲಿಗೆ ಹೋಗುತ್ತಾರೆ ಎಂಬ ಆತಂಕ ಗುಂಪಿನಲ್ಲಿ ಎಲ್ಲರಿಗೂ ಇತ್ತು. ಹಾಗಾಗಿ ಈ ಸರ್ಟಿಫಿಕೇಟ್ ಅವರಿಗೆ ಗೋಡೆಗೆ ತೂಗುಹಾಕುವ ಕಾಗದವಾಗಿರಲಿಲ್ಲ.

ಮೊದಲ ತರಗತಿ ರಾತ್ರಿ 8ಕ್ಕೆ. ಪಿಯಾಜೆಯ ಹಂತಗಳ ಮೇಲೆ 32 ಸ್ಲೈಡುಗಳು. ಕ್ಯಾಮೆರಾಗಳೆಲ್ಲ ಬಂದ್, ಯಾರದೋ ಮನೆಯ ಕುಕ್ಕರ್ ಎರಡು ಸಲ ಕೂಗಿತು. "ಅರ್ಥವಾಯಿತಾ?" ಎಂದು ಕೇಳಿದೆ. "ಆಯ್ತು ಸರ್" ಎಂದರು. ಆ ಉತ್ತರದ ಬೆಲೆ ಎಷ್ಟೆಂದು ಬಿ.ಇಡಿ. ಮಾಡುವವರಿಗೆ ಹೇಳಬೇಕಿಲ್ಲ. ಮರುದಿನ ಗೂಗಲ್ ಫಾರ್ಮಿನಲ್ಲಿ ಹತ್ತು ಪ್ರಶ್ನೆ ಕಳಿಸಿದೆ. ಇಪ್ಪತ್ತೆರಡು ವರ್ಷ ಸೇವೆಯಾಗಿದ್ದ ಒಬ್ಬರಿಗೆ 10ಕ್ಕೆ 3 ಬಂತು. ಷರಾ ಕಾಲಂನಲ್ಲಿ "ಹೆಚ್ಚಿನ ಗಮನ ಬೇಕು" ಎಂದು ಬರೆದು ಕಳಿಸಿಬಿಟ್ಟೆ.

ಎರಡು ದಿನದ ನಂತರ, ನಿಮ್ಮಲ್ಲಿ ಮಕ್ಕಳು ಹೇಗೆ ಎಣಿಸುತ್ತಾರೆ, ಹೇಳಿ ಎಂದು ಗುಂಪಿನಲ್ಲಿ ಸುಮ್ಮನೆ ಕೇಳಿದ್ದೆ. ರಾತ್ರಿ ಹತ್ತಕ್ಕೆ ಅದೇ ಕಾರ್ಯಕರ್ತೆಯ ಧ್ವನಿ ಸಂದೇಶ ಬಂತು. "ನಮ್ ಹುಡ್ಗ ಒಬ್ಬ ಇಪ್ಪತ್ತರ ತನಕ ಗಡಗಡ ಹೇಳ್ತಾನೆ ಸರ್. ಐದು ಹುಣಸೆಬೀಜ ತಾರಪ್ಪಾ ಅಂದ್ರೆ ಮುಷ್ಟಿ ತುಂಬಾ ತರ್ತಾನೆ. ಬಾಯಲ್ಲಿ ಇಪ್ಪತ್ತು, ಕೈಯಲ್ಲಿ ಮೂರು." ಅವರು ನೆಲದ ಮೇಲೆ ಸೀಮೆಸುಣ್ಣದಿಂದ ಸೊನ್ನೆಗಳನ್ನು ಬರೆದು, ಒಂದೊಂದರಲ್ಲಿ ಒಂದೊಂದೇ ಬೀಜ ಇಡಿಸುತ್ತಿದ್ದರಂತೆ. ಇಟ್ಟು ಮುಗಿದ ಮೇಲೆ "ಒಟ್ಟು ಎಷ್ಟು?" ಎಂದರೆ ಹುಡುಗ ಮತ್ತೆ ಒಂದರಿಂದ ಎಣಿಸುತ್ತಾನಂತೆ.

ಗೆಲ್ಮನ್ ಮತ್ತು ಗ್ಯಾಲಿಸ್ಟೆಲ್ 1978ರಲ್ಲಿ ವಿವರಿಸಿದ ಎಣಿಕೆಯ ತತ್ವಗಳಲ್ಲಿ ಮೂರು ಈ ಒಂದೇ ಸಂದೇಶದಲ್ಲಿವೆ. ಸಂಖ್ಯಾಪದಗಳನ್ನು ಕ್ರಮ ತಪ್ಪದೆ ಹೇಳುವುದು ಒಂದು. ಒಂದು ವಸ್ತುವಿಗೆ ಒಂದೇ ಪದ ಹೊಂದಿಸುವುದು ಇನ್ನೊಂದು. ಕೊನೆಗೆ ಹೇಳಿದ ಪದವೇ ಇಡೀ ಗುಂಪಿನ ಮೊತ್ತ ಎಂದು ತಿಳಿಯುವುದು ಮತ್ತೊಂದು. ಹುಡುಗನಿಗೆ ಮೊದಲನೆಯದು ಬಂದಿದೆ, ಎರಡನೆಯದು ಸೊನ್ನೆಗಳ ಆಸರೆಯಲ್ಲಿ ಬರುತ್ತಿದೆ, ಮೂರನೆಯದು ಬಂದಿಲ್ಲ. ಇದನ್ನು ಅವರು ಗುರುತಿಸಿದ್ದರು, ಪರಿಹಾರಕ್ಕೂ ಕೈಹಾಕಿದ್ದರು. ನನ್ನ ಫಾರ್ಮ್ ಕೇಳಿದ್ದು ಮಾತ್ರ "ಒಂದಕ್ಕೊಂದು ಹೊಂದಾಣಿಕೆ ಎಂದರೇನು?" ಎಂದು. ನಾಲ್ಕು ಉದ್ದುದ್ದ ಆಯ್ಕೆಗಳು, ಅದೂ ಬಿರುಕುಬಿಟ್ಟ ಪರದೆಯ ಮೇಲೆ. ನಾನು ಅಳೆದದ್ದು ಪುಸ್ತಕದ ಕನ್ನಡವನ್ನು ಫೋನಿನಲ್ಲಿ ಓದುವ ಶಕ್ತಿಯನ್ನು.

ಆಮೇಲೆ ಪಾಠ ಯೋಜನೆ ಬದಲಿಸಿದೆ. ಸ್ಲೈಡುಗಳ ಬದಲು ನಾಲ್ಕು ನಿಮಿಷದ ಧ್ವನಿ ಸಂದೇಶ, ಕೊನೆಯಲ್ಲಿ ನಾಳೆ ಬೆಳಿಗ್ಗೆ ಮಕ್ಕಳೊಂದಿಗೆ ಮಾಡಬೇಕಾದ ಒಂದೇ ಕೆಲಸ. ಏನಾಯಿತೆಂದು ಅವರು ಸಂಜೆ ಹೇಳಬೇಕು. ವಿಡಿಯೊ ಆದರೆ ಕೈಗಳದ್ದು ಮಾತ್ರ, ಮಗುವಿನ ಮುಖ ಬೇಡ. (ಫೋನನ್ನು ಅಕ್ಕಿ ಡಬ್ಬಕ್ಕೆ ಒರಗಿಸಿದರೆ ಕೈಗಳು ಚೆನ್ನಾಗಿ ಕಾಣುತ್ತವೆ. ಇದನ್ನು ನನಗೆ ಕಲಿಸಿದ್ದು ಅವರೇ.) ಭಾನುವಾರದ ತರಗತಿ ಅವರು ತಂದದ್ದರ ಚರ್ಚೆಗೆ ಮಾತ್ರ.

ಅತ್ಯಂತ ಚೆನ್ನಾಗಿ ನಡೆದದ್ದು ಸಂಖ್ಯಾ ಸಂರಕ್ಷಣೆಯ ತರಗತಿ. ಐದೈದು ಬೀಜಗಳ ಎರಡು ಸಾಲು ಇಟ್ಟು, ಮಗುವಿನ ಕಣ್ಣೆದುರೇ ಒಂದನ್ನು ಅಗಲಿಸಿ, ಯಾವುದರಲ್ಲಿ ಹೆಚ್ಚಿದೆ ಎಂದು ಕೇಳುವುದು. ಅಗಲಿಸಿದ್ದರಲ್ಲೇ ಹೆಚ್ಚು ಎಂದು ಮಕ್ಕಳು ಹೇಳಿದರು. ಒಬ್ಬರು ತಕ್ಷಣ "ತಪ್ಪು, ಎರಡೂ ಒಂದೇ" ಎಂದು ತಿದ್ದಿದ್ದರು. ಮರುದಿನ ಕೇಳಿದರೆ ಮಗುವಿನದು ಮತ್ತೆ ಹಳೆಯ ಉತ್ತರವೇ! ನಾವು ಹೇಳಿಕೊಟ್ಟರೆ ಮಗುವಿಗೆ ಏಕೆ ಹತ್ತುವುದಿಲ್ಲ ಎಂಬ ಪ್ರಶ್ನೆ ಅವರ ಬಾಯಿಂದಲೇ ಬಂತು. ಪಿಯಾಜೆ ಆಗ ಬೇಕಾದರು, ಒಂದೇ ಸ್ಲೈಡಿನಲ್ಲಿ ಮುಗಿದರು.

ವಯಸ್ಕರ ಅನುಭವವೇ ಕಲಿಕೆಯ ಸಂಪನ್ಮೂಲ ಎಂದು ಮಾಲ್ಕಮ್ ನೋಲ್ಸ್ ಹೇಳಿದ್ದನ್ನು ನಾವೆಲ್ಲ ಪರೀಕ್ಷೆಗೆ ಬರೆದಿದ್ದೇವೆ. ಆದರೆ ಅನುಭವದೊಳಗೆ ರೂಢಿಯೂ ಇರುತ್ತದೆ. ಮೂರೂವರೆ ವರ್ಷದ ಮಗುವಿಗೆ ಸ್ಲೇಟಿನ ಮೇಲೆ 1ರಿಂದ 50 ಬರೆಸುವುದನ್ನು ನಿಲ್ಲಿಸಲು ನನ್ನ ಯಾವ ಧ್ವನಿ ಸಂದೇಶದಿಂದಲೂ ಆಗಲಿಲ್ಲ. "ಬರೆಸದಿದ್ರೆ ತಾಯಿ ಕಾನ್ವೆಂಟಿಗೆ ಹಾಕ್ತಾಳೆ ಸರ್, ನಮ್ಮಲ್ಲಿ ಮಕ್ಕಳೇ ಇರಲ್ಲ" ಎಂದರು ಒಬ್ಬರು. ನನ್ನ ಬಳಿ ಉತ್ತರವಿರಲಿಲ್ಲ. ಸಂಪರ್ಕ ತರಗತಿಯ ದಿನ ಪಕ್ಕದಲ್ಲಿದ್ದ ಇನ್ನೊಬ್ಬ ಕಾರ್ಯಕರ್ತೆ ಉತ್ತರಿಸಿದರು: ಅವರು ತಿಂಗಳಿಗೊಮ್ಮೆ ತಾಯಂದಿರನ್ನು ಕರೆದು, ಬೀಜದ ಆಟವನ್ನು ಅವರೆದುರೇ ಆಡಿಸುತ್ತಾರೆ. ಆ ಮಾತು ಫೋನಿನಲ್ಲಿ ಬರುತ್ತಿರಲಿಲ್ಲ.

ಆ 10ಕ್ಕೆ 3ರ ಬದಲು ಮೌಖಿಕ ಪರೀಕ್ಷೆ ಕೊಡಿ ಎಂದು ಸಂಸ್ಥೆಯವರನ್ನು ಕೇಳಿದೆ. ಮುಂದಿನ ಪರೀಕ್ಷೆಗಳನ್ನು ಧ್ವನಿಯಲ್ಲಿ ನಡೆಸಲು ಒಪ್ಪಿದರು, ನಮೂದಾದ ಅಂಕ ಬದಲಾಗದು ಎಂದರು. ನನ್ನ ಷರಾವನ್ನು ಮಾತ್ರ ಅಳಿಸಲು ಸಾಧ್ಯವಾಯಿತು. ನಾನು ಅದನ್ನು ಬರೆದಿದ್ದೆನೆಂದು ಅವರಿಗೆ ಗೊತ್ತಿಲ್ಲ. ಕಳೆದ ವಾರವೂ ಅವರ ಸಂದೇಶ ಬಂದಿತ್ತು: ಹುಡುಗ ಈಗ ನಾಲ್ಕು ಬೀಜ ಕೇಳಿದರೆ ನಾಲ್ಕೇ ತರುತ್ತಾನಂತೆ, ಐದು ಕೇಳಿದರೆ ಮತ್ತೆ ಮುಷ್ಟಿ.