ಶಿವಾಜಿನಗರದ ಮರಿಯಮ್ಮನವರ ದೇವಾಲಯ: ಭಾಷೆ ಮತ್ತು ಅಸ್ಮಿತೆ

ಬೆಂಗಳೂರಿನ ಶಿವಾಜಿನಗರದ ಸಂತ ಮೇರಿ ಬೆಸಿಲಿಕವು ಬಹುಭಾಷಿಕ ಕಥೋಲಿಕ ಸಮುದಾಯವೊಂದರ ಕೇಂದ್ರವಾಗಿದೆ. ಸೆಂಜಿಯಿಂದ ವಲಸೆ ಬಂದ ತಮಿಳು ಕ್ರೈಸ್ತರು ಮೊದಲಿಗೆ ಇಲ್ಲಿ ನೆಲೆಸಿದರೆಂಬುದು ಪ್ರತೀತಿ. ಫ್ರೆಂಚ್ ಮಿಷನರಿ ಆಬೆ ದ್ಯುಬುವಾ 1818ರಲ್ಲಿ ಕಟ್ಟಿಸಿದನೆನ್ನಲಾದ ಹುಲ್ಲುಮಾಡಿನ ಗುಡಿಯ ನೆಲೆಯಲ್ಲಿ ಗಾಥಿಕ್ ಶೈಲಿಯ ಇಂದಿನ ಕಟ್ಟಡವು 1882ರಲ್ಲಿ ಪೂರ್ಣಗೊಂಡಿತು. 1973ರಲ್ಲಿ ಅದಕ್ಕೆ ಬೆಸಿಲಿಕದ ಪದವಿ ದೊರೆಯಿತು. ಬಲಿಪೂಜೆಯು ಕನ್ನಡ, ತಮಿಳು, ಇಂಗ್ಲಿಷುಗಳಲ್ಲಿ ಪ್ರತ್ಯೇಕವಾಗಿ ನಡೆಯುತ್ತದೆ. ಪೂಜಾಭಾಷೆಯ ಪ್ರಶ್ನೆಯು ನಗರದ ಕಥೋಲಿಕರಲ್ಲಿ ದೀರ್ಘಕಾಲ ಕಲಹಕ್ಕೆ ಕಾರಣವಾಗಿದೆ. ಆದರೆ ಸೀರೆಯುಡಿಸಿದ ಮಾತೆಯ ಪ್ರತಿಮೆ, ಹರಕೆಯ ಮೇಣದಬತ್ತಿ, ಕಾವಿಯುಡುಗೆಯ ವ್ರತ, ಸೆಪ್ಟೆಂಬರ್ 8ರ ತೇರು ಇವು ಯಾವುದೇ ಒಂದು ಭಾಷೆಯ ಸ್ವತ್ತಲ್ಲ. ಅನ್ಯಮತೀಯರೂ ಇವುಗಳಲ್ಲಿ ಪಾಲ್ಗೊಳ್ಳುತ್ತಾರೆ. ಆದ್ದರಿಂದ ಈ ದೇವಾಲಯದ ಅಸ್ಮಿತೆಯನ್ನು ಪೂಜಾಭಾಷೆಯಲ್ಲಿ ಅಲ್ಲ, ಜನರು ಕೂಡಿ ನಡೆಸುವ ಆಚರಣೆಗಳಲ್ಲಿ ಗುರುತಿಸಬೇಕಾಗುತ್ತದೆ.