ಗೆರೆ ಎಳೆದು ಗಣಿತ ಕಲಿಸುವುದು

ಒಂದೂ ಮುಕ್ಕಾಲನ್ನು ಅರೆಯಿಂದ ಭಾಗಿಸಿದರೆ ಎಷ್ಟು? ಭಾಜಕವನ್ನು ತಿರುವಿಹಾಕಿ ಗುಣಿಸಬೇಕೆಂಬ ಸೂತ್ರವನ್ನು ಪ್ರೌಢಶಾಲೆಯಲ್ಲಿ ಓದಿದವರೆಲ್ಲರೂ ಬಲ್ಲರು. ಮೂರೂವರೆ ಎಂಬ ಉತ್ತರವು ಕ್ಷಣಮಾತ್ರದಲ್ಲಿ ದೊರೆಯುತ್ತದೆ. ಆದರೆ ಹತ್ತು ವರ್ಷದ ಬಾಲಕನೊಬ್ಬನು, “ಏಕೆ ತಿರುವಬೇಕು? ಭಾಗಿಸಿದ ಮೇಲೆ ಸಂಖ್ಯೆ ಕಡಿಮೆಯಾಗುವ ಬದಲು ಹೆಚ್ಚಿತೇಕೆ?” ಎಂದು ಕೇಳಿದರೆ ನಾವು ಏನೆಂದು ಉತ್ತರಿಸೋಣ? ಲೆಕ್ಕ ಮಾಡಬಲ್ಲವರೆಲ್ಲರೂ ಲೆಕ್ಕವನ್ನು ಕಲಿಸಬಲ್ಲರೆ?

ಇದೇ ಲೆಕ್ಕಕ್ಕೆ ಅಮೆರಿಕದ ೨೩ ಮಂದಿಯೂ ಚೀನಾದ ೭೨ ಮಂದಿಯೂ ಆದ ಪ್ರಾಥಮಿಕ ಶಾಲಾ ಉಪಾಧ್ಯಾಯರು ಕೊಟ್ಟ ಉತ್ತರಗಳನ್ನು ಲಿಪಿಂಗ್ ಮಾ ಎಂಬ ವಿದುಷಿ ೧೯೯೯ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಹೋಲಿಸಿ ನೋಡಿದ್ದಾರೆ. ಲೆಕ್ಕವನ್ನು ಬಿಡಿಸುವುದಲ್ಲದೆ, ಅದರ ಅರ್ಥವನ್ನು ತೋರಿಸುವ ಒಂದು ಕಥೆಯನ್ನೋ ಚಿತ್ರವನ್ನೋ ರಚಿಸಬೇಕೆಂದು ಅವರನ್ನು ಕೇಳಲಾಗಿತ್ತು. ಚೀನಾದವರಲ್ಲಿ ೬೫ ಮಂದಿ ಸರಿಯಾದ ಕಥೆಯನ್ನು ಕಟ್ಟಿದರು. ಅಮೆರಿಕದವರಲ್ಲಿ ಅರ್ಥ ಕೆಡದಂತೆ ಹೇಳಿದವರು ಒಬ್ಬರೇ. ಉಳಿದವರಲ್ಲಿ ಅನೇಕರು ‘ಅರೆಯಿಂದ ಭಾಗಿಸು’ ಎಂಬುದನ್ನು ‘ಎರಡು ಸಮಪಾಲು ಮಾಡು’ ಎಂದು ಭಾವಿಸಿದ್ದರು.

ಒಂದು ಸರಳ ಚಿತ್ರದಿಂದ ಈ ತೊಡಕು ಬಿಡುತ್ತದೆ. ಒಂದು ಇಡೀ ರೊಟ್ಟಿಯನ್ನೂ ಅದರ ಪಕ್ಕದಲ್ಲಿ ಮುಕ್ಕಾಲು ರೊಟ್ಟಿಯನ್ನೂ ಬರೆಯೋಣ. ಅರ್ಧರ್ಧ ರೊಟ್ಟಿಯಂತೆ ಬಡಿಸಿದರೆ ಎಷ್ಟು ಪಾಲಾದೀತು? ಇಡೀ ರೊಟ್ಟಿಯಿಂದ ಎರಡು ಪಾಲು, ಮುಕ್ಕಾಲಿನಿಂದ ಒಂದು ಪಾಲು. ಕಾಲು ರೊಟ್ಟಿ ಉಳಿಯುತ್ತದೆ. ಹಾಗಾದರೆ ಉತ್ತರ ಮೂರೂಕಾಲಲ್ಲವೆ? ಅಲ್ಲ. ನಾವು ಎಣಿಸುತ್ತಿರುವುದು ರೊಟ್ಟಿಗಳನ್ನಲ್ಲ, ಪಾಲುಗಳನ್ನು. ಕಾಲು ರೊಟ್ಟಿಯೆಂದರೆ ಅರ್ಧ ಪಾಲು. ಆದುದರಿಂದ ಉತ್ತರ ಮೂರೂವರೆ. ಪ್ರತಿಯೊಂದು ರೊಟ್ಟಿಯೂ ಎರಡು ಪಾಲಾಗುವುದರಿಂದಲೇ ಎರಡರಿಂದ ಗುಣಿಸಬೇಕಾಯಿತು ಎಂಬುದೂ ಕಣ್ಣಿಗೆ ಕಾಣುತ್ತದೆ. ತಿರುವಿಹಾಕುವ ಸೂತ್ರದ ಗುಟ್ಟು ಇಷ್ಟೇ.

ಇಂತಹ ಚಿತ್ರಗಳನ್ನೇ ಒಂದು ಕ್ರಮಬದ್ಧ ಪದ್ಧತಿಯನ್ನಾಗಿ ಬೆಳೆಸಿದ ನಾಡು ಸಿಂಗಪುರ. ೧೯೮೦ರ ದಶಕದಲ್ಲಿ ಅಲ್ಲಿನ ಪ್ರಾಥಮಿಕ ಗಣಿತದ ಪಠ್ಯಗಳಲ್ಲಿ, ಪ್ರಮಾಣಗಳನ್ನು ಉದ್ದನೆಯ ಪಟ್ಟಿಗಳಿಂದ ಸೂಚಿಸುವ ವಿಧಾನ ಬಳಕೆಗೆ ಬಂದಿತು. ನಮ್ಮ ನಾಡಿನ ಒಂದು ಉದಾಹರಣೆಯನ್ನು ಕೊಡೋಣ. ಒಬ್ಬ ರೈತನು ತನ್ನ ತೆಂಗಿನಕಾಯಿಗಳಲ್ಲಿ ಐದರಲ್ಲಿ ಎರಡು ಭಾಗವನ್ನು ಮಾರಿ, ಉಳಿದುದರ ಮೂರರಲ್ಲಿ ಒಂದು ಭಾಗವನ್ನು ನೆಂಟರಿಗೆ ಕೊಟ್ಟನು. ಅವನಲ್ಲಿ ೬೦ ಕಾಯಿಗಳು ಉಳಿದುವು. ಮೊದಲು ಇದ್ದುವೆಷ್ಟು?

ಒಂದು ಪಟ್ಟಿಯನ್ನು ಬರೆದು ಐದು ಸಮಭಾಗ ಮಾಡೋಣ. ಎರಡು ಮನೆಗಳು ಮಾರಾಟವಾದುವು, ಉಳಿದುವು ಮೂರು. ಅವುಗಳಲ್ಲಿ ಒಂದು ನೆಂಟರಿಗೆ ಹೋಯಿತು. ಈಗ ಇರುವ ಎರಡು ಮನೆಗಳೇ ೬೦ ಕಾಯಿ. ಒಂದು ಮನೆಗೆ ೩೦, ಐದಕ್ಕೆ ೧೫೦. ಚಿತ್ರವಿಲ್ಲದೆ ಎರಡು ಭಿನ್ನರಾಶಿಗಳನ್ನೂ ಕೂಡಿಬಿಟ್ಟ ವಿದ್ಯಾರ್ಥಿಗೆ ೨೨೫ ಎಂಬ ತಪ್ಪು ಉತ್ತರ ಬರುತ್ತದೆ. ಮೂರರಲ್ಲಿ ಒಂದು ಎಂಬುದು ಮೊತ್ತದ ಭಾಗವಲ್ಲ, ಉಳಿದುದರ ಭಾಗ ಎಂಬುದನ್ನು ಪಟ್ಟಿಯು ಮಾತಿಲ್ಲದೆ ತಿಳಿಸುತ್ತದೆ.

ಮುಂದೆ ಉಪಾಧ್ಯಾಯರಾಗತಕ್ಕವರಿಗೆ ಈ ಅಭ್ಯಾಸ ಏಕೆ ಅಗತ್ಯ? ತರಬೇತಿಗೆ ಬರುವ ತರುಣನು ಆ ವೇಳೆಗೆ ಬೀಜಗಣಿತವನ್ನು ಕಲಿತಿರುತ್ತಾನೆ. ಲೆಕ್ಕವನ್ನು ಕಂಡೊಡನೆ ಅವನ ಕೈ ಅವ್ಯಕ್ತ ಸಂಖ್ಯೆಯತ್ತ ಓಡುತ್ತದೆ. ಅವನ ಎದುರಿಗೆ ಕುಳಿತ ಮಗುವಿಗೆ ಆ ದಾರಿ ಇನ್ನೂ ತೆರೆದಿಲ್ಲ. ತಾನು ಬಲ್ಲ ಸುಲಭದ ದಾರಿಯನ್ನು ಬದಿಗಿಟ್ಟು, ಮಗು ನಡೆಯಬಲ್ಲ ದಾರಿಯಲ್ಲಿ ನಡೆದು ನೋಡಿದಾಗಲೇ ಅದು ಎಲ್ಲಿ ಎಡವೀತೆಂಬುದು ತಿಳಿಯುವುದು. ೧೯೪೫ರಲ್ಲಿ ಸಮಸ್ಯಾಪರಿಹಾರವನ್ನು ಕುರಿತು ಪ್ರಸಿದ್ಧ ಗ್ರಂಥವನ್ನು ಪ್ರಕಟಿಸಿದ ಗಣಿತಜ್ಞ ಜಾರ್ಜ್ ಪೋಲ್ಯ ಅವರೂ ಚಿತ್ರ ಬರೆಯುವುದನ್ನು ಸಮಸ್ಯೆಯನ್ನು ಅರಿಯುವ ಮೊದಲ ಹಂತದಲ್ಲಿಯೇ ಸೇರಿಸಿದ್ದರು.

ಆದರೆ ಕಣ್ಣನ್ನು ಕುರುಡಾಗಿ ನಂಬುವಂತೆಯೂ ಇಲ್ಲ. ಎಂಟು ಮನೆ ಉದ್ದ, ಎಂಟು ಮನೆ ಅಗಲದ ಚೌಕವನ್ನು ನಾಲ್ಕು ತುಂಡು ಮಾಡಿ, ಐದು ಮನೆ ಅಗಲ, ಹದಿಮೂರು ಮನೆ ಉದ್ದದ ಆಯತವಾಗಿ ಜೋಡಿಸುವ ಹಳೆಯ ಚಮತ್ಕಾರವೊಂದುಂಟು. ೬೪ ಮನೆಗಳು ೬೫ ಆದಂತೆ ತೋರುತ್ತವೆ! ನಿಜವಾಗಿ ಓರೆ ಅಂಚುಗಳ ಇಳಿಜಾರು ಒಂದೇ ಅಲ್ಲ: ಒಂದು ಎಂಟಕ್ಕೆ ಮೂರು, ಇನ್ನೊಂದು ಐದಕ್ಕೆ ಎರಡು. ನಡುವೆ ಉಳಿಯುವ ಕೂದಲೆಳೆಯಂತಹ ಸಂದಿನಲ್ಲಿ ಆ ಒಂದು ಮನೆ ಅಡಗಿದೆ. ಚಿತ್ರವು ದಾರಿಯನ್ನು ತೋರಿಸುತ್ತದೆ. ಅದು ಸರಿಯಾದ ದಾರಿಯೆಂದು ನಿಶ್ಚಯಿಸಬೇಕಾದುದು ತರ್ಕ. ಎರಡನ್ನೂ ಜೊತೆಯಲ್ಲಿ ಅಭ್ಯಾಸಮಾಡಿದವನೇ ಸಮರ್ಥ ಉಪಾಧ್ಯಾಯನಾಗುತ್ತಾನೆ.

“ಸೂತ್ರ ಹಾಗಿದೆ, ಹಾಗೆಯೇ ಮಾಡು” ಎಂಬ ಉತ್ತರವನ್ನು ಕೇಳಿದ ಮಗು ಮತ್ತೊಮ್ಮೆ ಪ್ರಶ್ನಿಸುವುದಿಲ್ಲ; ಗಣಿತ ತನಗೆ ಬಾರದೆಂದು ಮೌನವಾಗಿ ನಿಶ್ಚಯಿಸಿಬಿಡುತ್ತದೆ. ನಮ್ಮ ವಾಚಕರಲ್ಲಿ ಕೆಲವರಾದರೂ ನಾಳೆ ಕರಿಹಲಗೆಯ ಮುಂದೆ ನಿಲ್ಲತಕ್ಕವರು. ಅವರು ಇಂದೇ ತಮ್ಮ ಪಠ್ಯದ ಒಂದು ಲೆಕ್ಕವನ್ನು ಆರಿಸಿ, ಅವ್ಯಕ್ತ ಸಂಖ್ಯೆಯ ನೆರವಿಲ್ಲದೆ ಗೆರೆಗಳಿಂದಲೇ ಬಿಡಿಸಲು ಯತ್ನಿಸಲಿ. ಮನೆಯಲ್ಲಿ ತಮ್ಮನೋ ತಂಗಿಯೋ ಇದ್ದರೆ ಅವರಿಗೆ ಅದನ್ನು ವಿವರಿಸಿ ನೋಡಲಿ.